ಬಾಗಿಲಿಗೆ ಕಟ್ಟಿದ ನಿಂಬೆ, ಮೆಣಸಿನಕಾಯಿ: ವಿಟಮಿನ್ ಯಾವುದರಲ್ಲಿ ಹೆಚ್ಚು?

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹತ್ತು ವರ್ಷದ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಲು ಆಗಷ್ಟೇ ಶುರು ಮಾಡಿದ್ದೆವು. ಒಂದು ರಾತ್ರಿ ಡೆಸ್ಕಿನಿಂದ ಫೋನ್ ಬಂತು: ಒಳಪುಟದಲ್ಲಿ ಸ್ವಲ್ಪ ಜಾಗ ಉಳಿದಿದೆ, ಏನಾದರೂ ನಾಲ್ಕು ಸಾಲು ಕಳಿಸಿ. ಆ ದಿನ ವಾಟ್ಸಾಪ್‌ನಲ್ಲಿ ಬಂದಿದ್ದ ಒಂದು ಸಂಗತಿಯನ್ನೇ ಭಾಷೆ ತಿದ್ದಿ ಕಳಿಸಿಬಿಟ್ಟೆವು. ಅದರ ಸಾರ ಇಷ್ಟು: ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದು ಬರೀ ದೃಷ್ಟಿಗಲ್ಲ, ಅದರ ಹಿಂದೆ ವಿಜ್ಞಾನವಿದೆ. ಪೋಣಿಸಿದ ಹತ್ತಿಯ ದಾರ ಅವುಗಳಲ್ಲಿರುವ ವಿಟಮಿನ್ ಸಿ ಹೀರಿಕೊಂಡು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಆ ಗಾಳಿ ಕುಡಿದವರಿಗೆ ಆರೋಗ್ಯ, ಕ್ರಿಮಿಕೀಟಗಳಿಗೆ ಆಗದು. ಸಾವಿರಾರು ವರ್ಷದ ಹಿಂದೆಯೇ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.

ಯಾರನ್ನೂ ಕೇಳಲಿಲ್ಲ, ಯಾವ ಪುಸ್ತಕವನ್ನೂ ನೋಡಲಿಲ್ಲ. ಮರುದಿನ ಅಚ್ಚಾಯಿತು. ನಾವು ಮರೆತೆವು.

ಹೋದ ತಿಂಗಳು ಊರಿನ ಕಿರಾಣಿ ಅಂಗಡಿಗೆ ಹೋಗಿದ್ದಾಗ ಅಂಗಡಿ ಕಾಕಾ ಮೊಬೈಲ್ ಮುಂದೆ ಹಿಡಿದರು. ಹಳದಿಗಟ್ಟಿದ ಪೇಪರ್ ತುಣುಕಿನ ಫೋಟೋ. ನಮ್ಮ ಅದೇ ನಾಲ್ಕು ಸಾಲು!

“ನೋಡ್ರಿ, ಬರೀ ವಾಟ್ಸಾಪ್‌ನಾಗ ಅಲ್ಲ, ಪೇಪರ್‌ನಾಗೂ ಬಂದೈತಿ,” ಅಂದರು ಕಾಕಾ. ಆಮೇಲೆ ದನಿ ತಗ್ಗಿಸಿ ಕೇಳಿದರು: “ನಮ್ಮ ಸೊಸಿಗೆ ರಕ್ತ ಕಮ್ಮಿ ಐತಿ ಅಂದಾರ. ಐದು ತಿಂಗಳ ಬಸುರಿ. ಗುಳಿಗಿ ಜೋಡಿ ವಿಟಮಿನ್ ಸಿ ಇರೂದು ತಿನ್ಸು ಅಂತ ಆಶಾ ಅಕ್ಕಾರು ಹೇಳ್ಯಾರ. ನಿಂಬಿಹಣ್ಣು ಕೊಡೂದು ಚಲೋನೋ, ಹಸಿಮೆಣಸಿನಕಾಯಿ ಚಲೋನೋ? ಯಾವುದ್ರಾಗ ಜಾಸ್ತಿ ಐತಿ?”

ನಮಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳತೀವಿ ಕಾಕಾ ಅಂದು ಬಂದೆವು. ಅಂದು ಹುಡುಕಲು ಕೂತಿದ್ದು ಎರಡು ವಾರ ಹಿಡಿಯಿತು. ಯಾಕೆಂದರೆ ನಿಂಬೆ ಮತ್ತು ಮೆಣಸಿನಕಾಯಿಯ ಕಥೆ ಐನೂರು ವರ್ಷದ್ದು, ಅದರ ಒಂದು ತುದಿ ನಮ್ಮ ಕಾರವಾರದ ಹತ್ತಿರವೇ ಇದೆ.

ಕಾರವಾರದ ಸಮುದ್ರದಲ್ಲಿ ಅಂಜದೀವ ಅನ್ನುವ ಚಿಕ್ಕ ದ್ವೀಪವಿದೆ. ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು, ಈಗ ನೌಕಾಪಡೆಯ ವಶದಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ವಾಪಸು ಹೊರಟಾಗ ಇಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿಕೊಂಡ. ಸುತ್ತಲಿನ ಜನ ದೋಣಿಯಲ್ಲಿ ಕುಂಬಳಕಾಯಿ, ಕೋಳಿ, ಹಾಲು ತಂದು ಮಾರಿದರು ಎಂದು ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿದೆ. ಅಕ್ಟೋಬರ್ 5ಕ್ಕೆ ಹಡಗುಗಳು ಅಂಜದೀವ ಬಿಟ್ಟವು. ಹೋಗುವುದು ಆಫ್ರಿಕಾದ ದಂಡೆಗೆ. ಅದು ಗಾಳಿ ಅನುಕೂಲವಿಲ್ಲದ ಕಾಲ. ಬರುವಾಗ ಮೂರು ವಾರ ಹಿಡಿದ ದಾರಿ ಹೋಗುವಾಗ ಮೂರು ತಿಂಗಳಿಗೆ ಮೂರೇ ದಿನ ಕಮ್ಮಿ ಹಿಡಿಯಿತು.

ಆ ಮೂರು ತಿಂಗಳಲ್ಲಿ ಹಡಗಿನವರ ವಸಡು ಬಾತು ಹಲ್ಲಿನ ಮೇಲೆ ಬೆಳೆಯಿತು. ಅನ್ನ ಅಗಿಯಲಾಗದು. ಕಾಲು ಊದಿತು, ಮೈ ಊದಿತು. ಮೂವತ್ತು ಜನ ಸತ್ತರು. ಅದಕ್ಕೂ ಮುಂಚೆ ಅಷ್ಟೇ ಜನ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. 1499ರ ಜನವರಿಯಲ್ಲಿ ಮಾಲಿಂದಿ ಬಂದರು ಸಿಕ್ಕಿದ ಕೂಡಲೇ ರೋಗಿಗಳು ಬೇಡಿದ್ದು ಕಿತ್ತಳೆಹಣ್ಣು. ಆದರೂ ಅಲ್ಲಿ ಇನ್ನಷ್ಟು ಜನ ತೀರಿಕೊಂಡರು. ಮೂರು ಹಡಗು ನಡೆಸುವಷ್ಟು ಜನರೇ ಇಲ್ಲವೆಂದು ಮುಂದೆ ಒಂದಕ್ಕೆ ಬೆಂಕಿ ಹಚ್ಚಿ ಎರಡರಲ್ಲಿ ಊರು ಸೇರಿದರು.

ಈ ರೋಗದ ಹೆಸರು ಸ್ಕರ್ವಿ. ಮೈಯಲ್ಲಿ ವಿಟಮಿನ್ ಸಿ ಪೂರ್ತಿ ಮುಗಿದರೆ ಬರುತ್ತದೆ.

ಅದೇ ದಿನಚರಿಯಲ್ಲಿ ಇನ್ನೊಂದು ಸಂಗತಿ ಇದೆ. ಇಂಡಿಯಾಕ್ಕೆ ಬರುವಾಗ, 1498ರ ಏಪ್ರಿಲ್‌ನಲ್ಲಿ, ಮೊಂಬಾಸಾದ ರಾಜ ಹಡಗಿಗೆ ಕಿತ್ತಳೆ, ನಿಂಬೆ, ಕಬ್ಬು ಕಳಿಸಿದ್ದ. ಆಗ ಹಡಗಿನಲ್ಲಿದ್ದ ರೋಗಿಗಳೆಲ್ಲ ಚೇತರಿಸಿಕೊಂಡರು. ದಿನಚರಿ ಬರೆದವನು ಅದಕ್ಕೆ ಕೊಟ್ಟ ಕಾರಣವೇನು ಗೊತ್ತೇ? ಈ ಊರಿನ ಗಾಳಿ ಒಳ್ಳೆಯದು! ಹಣ್ಣು ಕೈಯಲ್ಲಿದೆ, ರೋಗ ವಾಸಿಯಾಗಿದೆ, ಹೆಸರು ಮಾತ್ರ ಗಾಳಿಗೆ ಬಂತು. ನಾವು ಬರೆದ ನಾಲ್ಕು ಸಾಲು ನೆನಪಾಗಿ ನಗು ಬಂತು. ನಾವೂ ಗಾಳಿಗೇ ಹೆಸರು ಕೊಟ್ಟಿದ್ದೆವಲ್ಲ.

ಈ ಪೋರ್ಚುಗೀಸರು ಇಲ್ಲಿಗೆ ಬಂದಿದ್ದು ಮೆಣಸಿಗಾಗಿ, ಅಂದರೆ ಕಾಳುಮೆಣಸಿಗಾಗಿ. ಆಗ ನಮ್ಮ ಅಡುಗೆಯಲ್ಲಿ ಖಾರ ಅಂದರೆ ಅದೇ. ಮೆಣಸಿನಕಾಯಿ ಅನ್ನುವುದು ಈ ನೆಲದ್ದಲ್ಲ. ಅದು ಅಮೆರಿಕ ಖಂಡದ ಗಿಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಸಮುದ್ರ ದಾಟಿತು. 1500ರ ನಂತರದ ದಶಕಗಳಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲು ಹೋಗಲಿಲ್ಲ. ಮೆಣಸಿನ ಹಾಗೆ ಖಾರ ಇರುವ ಕಾಯಿ, ಮೆಣಸಿನಕಾಯಿ. ಮನೆಗೆ ಬಂದ ನೆಂಟ ಯಜಮಾನನ ಹೆಸರನ್ನೇ ಇಟ್ಟುಕೊಂಡು ಯಜಮಾನನನ್ನು ಮೂಲೆಗೆ ಕೂರಿಸಿದ ಹಾಗಾಯಿತು.

ನಿಂಬೆಯದು ಉಲ್ಟಾ ಪ್ರಯಾಣ. ಅದು ಏಷ್ಯಾದ ಹಣ್ಣು, ನಮ್ಮ ಕಡೆಯದೇ. ಅರಬರ ಕೈಯಿಂದ ಪಶ್ಚಿಮಕ್ಕೆ ಹೋಗಿ, ಅಲ್ಲಿಂದ ಅಮೆರಿಕದ ಕೆರಿಬಿಯನ್ ದ್ವೀಪಗಳಿಗೆ ಹೋಯಿತು. 1493ರ ಎರಡನೇ ಯಾನದಲ್ಲಿ ಕೊಲಂಬಸ್ ಕಿತ್ತಳೆ, ನಿಂಬೆ ಜಾತಿಯ ಬೀಜಗಳನ್ನು ಅಲ್ಲಿಗೆ ಒಯ್ದಿದ್ದ. ಅಲ್ಲಿಯ ಕಾಯಿ ಇಲ್ಲಿಗೆ, ಇಲ್ಲಿಯ ಹಣ್ಣು ಅಲ್ಲಿಗೆ.

ಹಾಗಾಗಿ ನಮ್ಮ ತುಣುಕಿನ ಮೊದಲ ಸುಳ್ಳು ಇಲ್ಲೇ ಸಿಕ್ಕಿಬೀಳುತ್ತದೆ. ನಿಂಬೆಯ ಜೊತೆ ಮೆಣಸಿನಕಾಯಿ ಕಟ್ಟುವ ಪದ್ಧತಿ ಸಾವಿರಾರು ವರ್ಷದ್ದಾಗಿರಲು ಸಾಧ್ಯವೇ ಇಲ್ಲ. ಐನೂರು ವರ್ಷದ ಹಿಂದೆ ಕಟ್ಟೋಣವೆಂದರೂ ಮೆಣಸಿನಕಾಯಿ ಇರಲಿಲ್ಲ.

ಇನ್ನು ಸ್ಕರ್ವಿಗೆ ಮದ್ದು ಸಿಕ್ಕ ಕಥೆ. 1747ರ ಮೇ ತಿಂಗಳು. ಬ್ರಿಟಿಷ್ ನೌಕಾಪಡೆಯ ಸಾಲಿಸ್‌ಬರಿ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ. ಸ್ಕರ್ವಿ ಬಂದ 12 ನಾವಿಕರನ್ನು ಒಂದೇ ಕಡೆ ಮಲಗಿಸಿ, ಒಂದೇ ಊಟ ಕೊಟ್ಟು, ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ. ಇನ್ನೊಂದಕ್ಕೆ ನೀರು ಬೆರೆಸಿದ ಗಂಧಕಾಮ್ಲದ ಹನಿ. ಮತ್ತೊಂದಕ್ಕೆ ವಿನೆಗರ್. ನಾಲ್ಕನೆಯವರಿಗೆ ಸಮುದ್ರದ ನೀರು, ಪಾಪ. ಐದನೆಯವರಿಗೆ ಬೆಳ್ಳುಳ್ಳಿ, ಸಾಸಿವೆ ಅರೆದು ಮಾಡಿದ ಜಾಯಿಕಾಯಿ ಗಾತ್ರದ ಉಂಡೆ. ಆರನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ.

ಹಣ್ಣು ಆರೇ ದಿನಕ್ಕೆ ಖಾಲಿಯಾಯಿತು. ಅಷ್ಟರಲ್ಲಿ ಹಣ್ಣು ತಿಂದ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಹಾಜರ್. ಇನ್ನೊಬ್ಬ ಉಳಿದ ರೋಗಿಗಳ ಆರೈಕೆಗೆ ನಿಂತ. ಬೇರೆಯವರು ಮಲಗಿದಲ್ಲೇ ಮಲಗಿದ್ದರು, ಸೇಬಿನ ಮದ್ಯ ಕುಡಿದವರಿಗೆ ಮಾತ್ರ ತುಸು ಪರವಾಗಿಲ್ಲ.

ಇಷ್ಟು ಚೆನ್ನಾಗಿ ಕಂಡುಹಿಡಿದವನು ಮುಂದೆ ಎಡವಿದ. ಹಣ್ಣು ಹಡಗಿನಲ್ಲಿ ಕೊಳೆಯುತ್ತದೆ, ಆದ್ದರಿಂದ ರಸವನ್ನು ಗಂಟೆಗಟ್ಟಲೆ ಬಿಸಿಮಾಡಿ ಗಟ್ಟಿ ಪಾಕ ಮಾಡಿಕೊಂಡು ಒಯ್ಯಿರಿ ಎಂದು 1753ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ಬೆಂಕಿಗೆ ಇಟ್ಟರೆ ವಿಟಮಿನ್ ಸಿ ನಾಶವಾಗುತ್ತದೆ ಎಂದು ಆಗ ಯಾರಿಗೆ ಗೊತ್ತು? ವಿಟಮಿನ್ ಎಂಬ ಪದ ಹುಟ್ಟಲು ಇನ್ನೂ ನೂರೈವತ್ತು ವರ್ಷವಿತ್ತು. ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡುವ ತೀರ್ಮಾನ ಮಾಡಿದ್ದು 1795ರಲ್ಲಿ. ಪ್ರಯೋಗ ನಡೆದು 48 ವರ್ಷದ ಮೇಲೆ. ಸರ್ಕಾರಿ ಕಡತ ಆಗಲೂ ಹಾಗೇ ಇತ್ತು ಅನ್ನಿ.

ಆಮೇಲೆ ನಡೆದದ್ದು ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಮೊದಲು ಬ್ರಿಟಿಷರು ತರಿಸುತ್ತಿದ್ದದ್ದು ಮೆಡಿಟರೇನಿಯನ್ ಕಡೆಯ ದೊಡ್ಡ ಹಳದಿ ನಿಂಬೆ. ಹತ್ತೊಂಬತ್ತನೇ ಶತಮಾನದ ನಡುವೆ ಅದನ್ನು ಬಿಟ್ಟು, ತಮ್ಮದೇ ವಸಾಹತಾಗಿದ್ದ ವೆಸ್ಟ್ ಇಂಡೀಸ್‌ನ ಚಿಕ್ಕ ನಿಂಬೆಗೆ ಬದಲಾದರು. ಹುಳಿಯೇ ಮದ್ದು ಎಂದು ನಂಬಿದ್ದರಲ್ಲ, ಚಿಕ್ಕ ನಿಂಬೆ ಇನ್ನೂ ಹುಳಿ, ಹಾಗಾದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ. ರಸ ತಾಮ್ರದ ಕೊಳವೆಯಲ್ಲಿ ಹರಿದು ಬರುತ್ತಿತ್ತು, ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಇರುತ್ತಿತ್ತು. ತಾಮ್ರ ತಾಗಿದರೆ ವಿಟಮಿನ್ ಸಿ ಬೇಗ ಹಾಳಾಗುತ್ತದೆ. (ನಮ್ಮ ಅಜ್ಜಿಯರು ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಇಡುತ್ತಿರಲಿಲ್ಲ. ಅದು ಕಿಲುಬಿಗೆ ಹೆದರಿ, ವಿಟಮಿನ್‌ಗಲ್ಲ. ಆದರೂ ಒಳ್ಳೆಯದೇ ಆಯಿತು.)

1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಜಾರ್ಜ್ ನೇರ್ಸ್‌ನ ತಂಡ ಈ ನಿಂಬೆರಸ ನಂಬಿಕೊಂಡು ಹೋಯಿತು. ಅಲ್ಲಿ ತಂಡದ ಬಹಳ ಮಂದಿಗೆ ಸ್ಕರ್ವಿ ಬಂತು. ಆಗ ಶುರುವಾಯಿತು ನೋಡಿ ಗೊಂದಲ. ನಿಂಬೆರಸಕ್ಕೂ ಸ್ಕರ್ವಿಗೂ ಸಂಬಂಧವೇ ಇಲ್ಲ, ಕೆಟ್ಟ ಮಾಂಸದ ವಿಷದಿಂದ ಬರುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ವಾದಿಸಿದರು. ನೂರು ವರ್ಷದ ಹಿಂದೆ ಗೊತ್ತಿದ್ದ ಮದ್ದು ಜನರ ಕೈ ತಪ್ಪಿ ಹೋಯಿತು.

ಇದರ ಪೆಟ್ಟು ನಮ್ಮವರಿಗೂ ತಾಗಿದೆ. ಮೊದಲ ಮಹಾಯುದ್ಧದಲ್ಲಿ, 1915ರ ಕೊನೆಗೆ, ಈಗಿನ ಇರಾಕ್‌ನ ಕುತ್ ಎಂಬ ಊರಿನಲ್ಲಿ ಬ್ರಿಟಿಷ್ ಸೇನೆಯನ್ನು ತುರ್ಕರು ಮುತ್ತಿಗೆ ಹಾಕಿದರು. ತರಕಾರಿ ಇಲ್ಲ. ಬಿಳಿ ಸೈನಿಕರು ಕುದುರೆಯ ತಾಜಾ ಮಾಂಸ ತಿಂದರು. ಭಾರತದ ಸೈನಿಕರಲ್ಲಿ ಹೆಚ್ಚಿನವರು ಬಹುಕಾಲ ಅದನ್ನು ಮುಟ್ಟಲಿಲ್ಲ. ಸ್ಕರ್ವಿ ಹೆಚ್ಚಾಗಿ ಬಂದದ್ದು ನಮ್ಮವರಿಗೆ. ಅದೇ ಯುದ್ಧದ ದಿನಗಳಲ್ಲಿ ಲಂಡನ್‌ನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು ಗಿನಿಪಿಗ್‌ಗಳ ಮೇಲೆ ಪರೀಕ್ಷೆ ಮಾಡಿ 1918ರಲ್ಲಿ ಹೇಳಿದರು: ವೆಸ್ಟ್ ಇಂಡೀಸ್‌ನ ಚಿಕ್ಕ ನಿಂಬೆಯ ರಸಕ್ಕೆ ದೊಡ್ಡ ನಿಂಬೆಯ ಕಾಲುಭಾಗದಷ್ಟೇ ಶಕ್ತಿ. ಕೂಡಿಟ್ಟ ರಸದಲ್ಲಿ ಅದೂ ಇಲ್ಲ.

ಗಿನಿಪಿಗ್ ಯಾಕೆ? ಆಕಳು, ಆಡು, ನಾಯಿ, ಇಲಿ ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿ ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿಪಿಗ್‌ಗೆ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು.

ಇಷ್ಟಾದರೂ ಆ ವಸ್ತು ಯಾವುದು ಎಂದು ಯಾರೂ ಕಣ್ಣಾರೆ ಕಂಡಿರಲಿಲ್ಲ. 1920ರಲ್ಲಿ ಅದಕ್ಕೆ ಸಿ ಎಂಬ ಅಕ್ಷರ ಸಿಕ್ಕಿತ್ತು, ಅಷ್ಟೇ. ಇಲ್ಲಿ ಮೆಣಸಿನಕಾಯಿಯ ಪ್ರವೇಶ.

ಹಂಗೇರಿ ದೇಶದ ಆಲ್ಬರ್ಟ್ ಸೆಂಟ್‌ಜ್ಯೋರ್ಜಿ 1928ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ಪ್ರಾಣಿಗಳ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಒಂದು ಬಿಳಿ ಪುಡಿ ಬೇರ್ಪಡಿಸಿದ್ದರು. ಅದೇನೆಂದು ಗೊತ್ತಿಲ್ಲದೆ, ಗೊತ್ತಿಲ್ಲ ಎಂಬ ಅರ್ಥ ಬರುವ ಹೆಸರನ್ನೇ ತಮಾಷೆಗೆ ಇಡಲು ಹೋದರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಹಾಗಾದರೆ ದೇವರಿಗೇ ಗೊತ್ತು ಎಂಬ ಅರ್ಥದ ಹೆಸರು ಇಡಲೇ ಅಂದರು, ಅದಕ್ಕೂ ಇಲ್ಲ ಅಂದರು. ಮುಂದೆ ಅಮೆರಿಕಕ್ಕೆ ಹೋಗಿ ಕಸಾಯಿಖಾನೆಗಳಿಂದ ಗ್ರಂಥಿ ತರಿಸಿ, ತಿಂಗಳುಗಟ್ಟಲೆ ದುಡಿದು ಕೂಡಿಸಿದ್ದು 25 ಗ್ರಾಂ. ಒಂದು ಹಿಡಿಯೂ ಇಲ್ಲ.

1931ರ ಹೊತ್ತಿಗೆ ಅವರು ತಮ್ಮ ದೇಶದ ಸೆಗೆಡ್ ಪಟ್ಟಣದಲ್ಲಿದ್ದರು. ಜೋಸೆಫ್ ಸ್ವಿರ್ಬೆಲಿ ಎಂಬ ಯುವಕ ಬಂದು ಗಿನಿಪಿಗ್‌ಗಳ ಮೇಲೆ ಪರೀಕ್ಷಿಸಿ, ಈ ಪುಡಿಯೇ ವಿಟಮಿನ್ ಸಿ ಎಂದು ತೋರಿಸಿದರು. ಅಮೆರಿಕದಲ್ಲಿ ಚಾರ್ಲ್ಸ್ ಗ್ಲೆನ್ ಕಿಂಗ್ ಕೂಡ 1932ರಲ್ಲೇ ಅದೇ ಮಾತು ಹೇಳಿದರು. ಯಾರು ಮೊದಲು ಎಂಬ ಜಗಳ ಬಹಳ ದಿನ ನಡೆಯಿತು, ನಮಗೆ ಅದು ಬೇಡ. ಅಷ್ಟರಲ್ಲಿ ಸೆಂಟ್‌ಜ್ಯೋರ್ಜಿಯ ಬಳಿಯಿದ್ದ ಪುಡಿ ಖಾಲಿಯಾಗಿತ್ತು. ಕಿತ್ತಳೆ, ನಿಂಬೆರಸದಲ್ಲಿ ಸಕ್ಕರೆ ಅಂಶ ಸೇರಿಕೊಂಡು ಶುದ್ಧ ಪುಡಿ ತೆಗೆಯಲು ಬಿಡುತ್ತಿರಲಿಲ್ಲ.

ಸೆಗೆಡ್ ಪಟ್ಟಣ ಯಾವುದಕ್ಕೆ ಹೆಸರುವಾಸಿ? ನಮ್ಮ ಬ್ಯಾಡಗಿಯ ಹಾಗೆ, ಮೆಣಸಿನಕಾಯಿಗೆ! ತುರ್ಕರ ಮೂಲಕ ಹಂಗೇರಿಗೆ ಹೋದ ಈ ಕಾಯಿಗೆ ಅಲ್ಲಿ ಪಾಪ್ರಿಕಾ ಅನ್ನುತ್ತಾರೆ. ಬಣ್ಣ ಗಾಢ, ಖಾರ ಕಮ್ಮಿ. ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಅದೇ, ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಜಾತಿ. ಒಂದು ಸಂಜೆ ಊಟಕ್ಕೆ ಹೆಂಡತಿ ತಟ್ಟೆಗೆ ಹಸಿ ಪಾಪ್ರಿಕಾ ಹಾಕಿದರಂತೆ. ಇವರಿಗೆ ತಿನ್ನಲು ಮನಸ್ಸಿಲ್ಲ. ಬೇಡ ಅನ್ನಲು ಧೈರ್ಯವೂ ಇಲ್ಲ. ಇದೊಂದನ್ನು ನಾನು ಪರೀಕ್ಷಿಸಿಯೇ ಇಲ್ಲವಲ್ಲ ಎಂಬ ನೆಪ ಹೊಳೆಯಿತು. ಹಾಗೇ ಎತ್ತಿಕೊಂಡು ಪ್ರಯೋಗಾಲಯಕ್ಕೆ ಹೋದರು. ನಡುರಾತ್ರಿಯ ಹೊತ್ತಿಗೆ ಇದು ವಿಟಮಿನ್ ಸಿ ಕಣಜ ಎಂದು ಗೊತ್ತಾಯಿತು. ಈ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದಿನ ಕೆಲವೇ ವಾರಗಳಲ್ಲಿ ಗ್ರಾಂ ಲೆಕ್ಕ ಹೋಗಿ ಕಿಲೋ ಲೆಕ್ಕದಲ್ಲಿ ಶುದ್ಧ ಪುಡಿ ತೆಗೆದರು, ಬೇರೆ ದೇಶದ ವಿಜ್ಞಾನಿಗಳಿಗೂ ಹಂಚಿದರು. 1937ರಲ್ಲಿ ನೊಬೆಲ್ ಬಂತು.

ಆಫ್ರಿಕಾದ ದಂಡೆಯಲ್ಲಿ ಕಿತ್ತಳೆ ಬೇಡುತ್ತಾ ಸತ್ತ ಆ ನಾವಿಕರ ದೇಶದವರೇ ಮುಂದಿನ ವರ್ಷಗಳಲ್ಲಿ ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ ಇರುವ ಕಾಯಿಯನ್ನು ಹಡಗಿನಲ್ಲಿ ತುಂಬಿಕೊಂಡು ಬಂದು ನಮಗೆ ಕೊಟ್ಟರು. ಏನು ಕೊಡುತ್ತಿದ್ದೇವೆಂದು ಅವರಿಗೂ ಗೊತ್ತಿರಲಿಲ್ಲ, ಏನು ಪಡೆದೆವೆಂದು ನಮಗೂ ಗೊತ್ತಿರಲಿಲ್ಲ.

ಇನ್ನು ಕಾಕಾ ಕೇಳಿದ ಲೆಕ್ಕ. ಭಾರತದಲ್ಲಿ ಯಾವ ಕಾಳು, ಸೊಪ್ಪು, ಹಣ್ಣಿನಲ್ಲಿ ಏನಿದೆ ಎಂದು ಅಳೆಯುವ ಕೆಲಸ ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ನಡೆಯಿತು. ಅಲ್ಲಿ ನಿರ್ದೇಶಕರಾಗಿದ್ದ ಡಬ್ಲ್ಯು.ಆರ್. ಏಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶದ ಪುಸ್ತಿಕೆ ಹೊರತಂದರು. ಪ್ರಯೋಗಾಲಯ ಮುಂದೆ ಹೈದರಾಬಾದಿಗೆ ಹೋಯಿತು, ಈಗ ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ. ಪುಸ್ತಿಕೆಯೂ ಬೆಳೆಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಆವೃತ್ತಿಯನ್ನು ದಶಕಗಟ್ಟಲೆ ಡಾಕ್ಟರುಗಳೂ ಕಾಲೇಜುಗಳೂ ಬಳಸಿದವು.

ಆ ಪಟ್ಟಿಯ ಪ್ರಕಾರ 100 ಗ್ರಾಂ ಹಸಿಮೆಣಸಿನಕಾಯಿಯಲ್ಲಿ ವಿಟಮಿನ್ ಸಿ 111 ಮಿಲಿಗ್ರಾಂ. 100 ಗ್ರಾಂ ನಿಂಬೆಯಲ್ಲಿ 63. ಅಮೆರಿಕ ಸರ್ಕಾರದ ಪಟ್ಟಿಯಲ್ಲಿ ಅಂತರ ಇನ್ನೂ ದೊಡ್ಡದು: ಹಸಿಮೆಣಸಿನಕಾಯಿ 242, ಚಿಕ್ಕ ನಿಂಬೆ 29. ಪಟ್ಟಿಯಿಂದ ಪಟ್ಟಿಗೆ ಯಾಕಿಷ್ಟು ವ್ಯತ್ಯಾಸ ಅಂದರೆ ತಳಿ, ಮಣ್ಣು, ಕೊಯ್ದು ಎಷ್ಟು ದಿನವಾಯಿತು, ಹೇಗೆ ಅಳೆದರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದೊಡ್ಡ ನಿಂಬೆ ಮೇಲೋ ಚಿಕ್ಕ ನಿಂಬೆ ಮೇಲೋ ಎಂಬುದರಲ್ಲೂ ನಮ್ಮ ಹಳೆಯ ಪಟ್ಟಿ ಮತ್ತು ಅಮೆರಿಕದ ಪಟ್ಟಿ ಉಲ್ಟಾ ಹೇಳುತ್ತವೆ. ಹಳೆಯ ಪಟ್ಟಿಯಲ್ಲಿ 600 ಇದ್ದ ಬೆಟ್ಟದ ನೆಲ್ಲಿಕಾಯಿ 2017ರ ಹೊಸ ಪಟ್ಟಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಹಾಗಾಗಿ ಈ ಅಂಕಿಗಳನ್ನು ಅಂದಾಜು ಎಂದೇ ಹಿಡಿಯಿರಿ. ಆದರೆ ನಿಂಬೆ ಮತ್ತು ಮೆಣಸಿನಕಾಯಿಯ ನಡುವೆ ಗೆದ್ದವರು ಯಾರು ಎಂಬುದರಲ್ಲಿ ಎರಡೂ ಪಟ್ಟಿ ಒಂದೇ ಮಾತು ಹೇಳುತ್ತವೆ. ವಿಟಮಿನ್ ಎ ಆಗುವ ಅಂಶವೂ ಮೆಣಸಿನಕಾಯಿಯಲ್ಲಿದೆ, ನಿಂಬೆರಸದಲ್ಲಿ ಇಲ್ಲವೆಂಬಷ್ಟು ಕಮ್ಮಿ.

ಹುಳಿಯೇ ವಿಟಮಿನ್ ಎಂದು ಬ್ರಿಟಿಷ್ ನೌಕಾಪಡೆ ನಂಬಿ ಕೆಟ್ಟಿತು ಅಂದೆವಲ್ಲ, ನಮ್ಮಲ್ಲೂ ಆ ನಂಬಿಕೆ ಇದೆ. ಹುಣಸೆಹಣ್ಣು ಅಷ್ಟು ಹುಳಿ, ಅದರಲ್ಲಿ ವಿಟಮಿನ್ ಸಿ ಬರೀ 3. ಹುಳಿಯೇ ಇಲ್ಲದ ಸೀಬೆಹಣ್ಣಿನಲ್ಲಿ 212. ನಾಲಿಗೆಗೆ ಇದನ್ನು ಅಳೆಯಲು ಬರುವುದಿಲ್ಲ.

ಇಷ್ಟು ಓದಿ ಕಾಕಾ ಹತ್ತಿರ ಹೋಗಿ ಮೆಣಸಿನಕಾಯಿ ಗೆದ್ದಿತು ಎಂದು ಹೇಳಿಬಿಡಬಹುದಿತ್ತು. ಹತ್ತು ವರ್ಷದ ಹಿಂದಿನ ನಾವಾಗಿದ್ದರೆ ಹೇಳುತ್ತಿದ್ದೆವು. ಆದರೆ 100 ಗ್ರಾಂ ಹಸಿಮೆಣಸಿನಕಾಯಿ ತಿನ್ನುವವರು ಯಾರು? ಅವರ ಅಂಗಡಿಯ ತಕ್ಕಡಿಯಲ್ಲೇ ತೂಗಿದೆವು. ಇಪ್ಪತ್ತು ಕಾಯಿ ಹಾಕಿದರೆ 100 ಗ್ರಾಂಗೆ ಸ್ವಲ್ಪ ಕಮ್ಮಿ ಬಂತು. ಒಂದಕ್ಕೆ ಸುಮಾರು 5 ಗ್ರಾಂ ಅನ್ನೋಣ. ಅದರಲ್ಲಿ ವಿಟಮಿನ್ ಸಿ ಐದೂವರೆ ಮಿಲಿಗ್ರಾಂ. ಒಂದು ನಿಂಬೆಹಣ್ಣು ಹಿಂಡಿದರೆ ನಾಲ್ಕು ಚಹಾ ಚಮಚ, ಅಂದರೆ ಸುಮಾರು 20 ಗ್ರಾಂ ರಸ. ಅದರಲ್ಲಿ ಹನ್ನೆರಡೂವರೆ. ಎರಡು ಹಸಿಮೆಣಸಿನಕಾಯಿ ಕಚ್ಚಿ ತಿಂದರೂ ಒಂದು ನಿಂಬೆಹಣ್ಣಿಗೆ ಸಮ ಬರುವುದಿಲ್ಲ.

ಅದೂ ಕಚ್ಚಿ ತಿಂದರೆ. ಒಗ್ಗರಣೆಯ ಕಾದ ಎಣ್ಣೆಗೆ ಬಿದ್ದ, ಸಾರಿನಲ್ಲಿ ಕುದಿದ ಮೆಣಸಿನಕಾಯಿಯಲ್ಲಿ ಬಹಳಷ್ಟು ಹೋಗಿರುತ್ತದೆ. ಒಣಗಿಸಿದರೂ ಹೋಗುತ್ತದೆ. ಬ್ಯಾಡಗಿ ಕಾಯಿಯ ಬಣ್ಣ ಉಳಿಯುತ್ತದೆ, ವಿಟಮಿನ್ ಸಿ ಬಿಸಿಲಿಗೆ ಹಾರಿಹೋಗಿರುತ್ತದೆ. ನಿಂಬೆಗೆ ಇಲ್ಲಿ ಒಂದು ಅದೃಷ್ಟವಿದೆ. ಚಿತ್ರಾನ್ನವಾಗಲಿ, ಅವಲಕ್ಕಿಯಾಗಲಿ, ಒಲೆಯಿಂದ ಇಳಿಸಿದ ಮೇಲೇ ನಿಂಬೆ ಹಿಂಡುವುದು. ಕಹಿಯಾಗುತ್ತದೆ ಎಂದು ಹಾಗೆ ಮಾಡುತ್ತಾರೆ. ಅದರಿಂದ ವಿಟಮಿನ್ ಉಳಿಯುತ್ತದೆ. ಗಂಟೆಗಟ್ಟಲೆ ಪಾಕ ಕಾಯಿಸಿದ ಜೇಮ್ಸ್ ಲಿಂಡ್‌ಗೆ ನಮ್ಮ ಯಾವುದಾದರೂ ಅವ್ವ ಸಿಕ್ಕಿದ್ದರೆ ಚೆನ್ನಾಗಿತ್ತು.

ಕಾಕಾನ ಸೊಸೆಗೆ ಇದು ಯಾಕೆ ಮುಖ್ಯ ಅಂದರೆ, ರಾಗಿ, ಜೋಳ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ನಮ್ಮ ಮೈ ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಇದ್ದರೆ ಹೆಚ್ಚು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಶರಬತ್ತು, ಮಧ್ಯಾಹ್ನ ಸೊಪ್ಪು ಅಂದರೆ ಅಷ್ಟು ಉಪಯೋಗವಿಲ್ಲ, ಎರಡೂ ಒಂದೇ ಊಟದಲ್ಲಿರಬೇಕು. ಊಟದ ಜೊತೆಗೇ ಚಹಾ ಕುಡಿದರೆ ಉಲ್ಟಾ, ಕಬ್ಬಿಣ ಸಿಗದಂತೆ ಅದು ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ನಿಮ್ಮ ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ದೊಡ್ಡ ಹೆಂಗಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 65 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಬಸುರಿಗೆ, ಬಾಣಂತಿಗೆ ಇನ್ನೂ ಹೆಚ್ಚು. ಬರೀ ನಿಂಬೆಯಿಂದಲೇ ತುಂಬಿಸಬೇಕಾದರೆ ಐದು ಹಣ್ಣು ಬೇಕು. ಮೆಣಸಿನಕಾಯಿಯಿಂದ ಅಂದರೆ ಹನ್ನೆರಡು, ಬಸುರಿ ಹೆಂಗಸಿನ ಹೊಟ್ಟೆ ಏನಾಗಬೇಕು? ಮಧ್ಯಮ ಗಾತ್ರದ ಒಂದು ಸೀಬೆಹಣ್ಣು ಸಾಕು. ಪಟ್ಟಣದಿಂದ ಸೇಬು ತರುವ ಅಗತ್ಯವೇ ಇಲ್ಲ. ಹಳೆಯ ಪಟ್ಟಿಯಲ್ಲಿ ಸೇಬಿನ ವಿಟಮಿನ್ ಸಿ ಎಷ್ಟಿದೆ ಗೊತ್ತೇ? ಒಂದು. ಕಾಗುಣಿತ ತಪ್ಪಲ್ಲ, ಒಂದೇ.

ಕೊನೆಗೆ ದಾರದ ಮಾತು. ವಿಟಮಿನ್ ಸಿ ಉಪ್ಪಿನ ಹಾಗೆ ಹರಳಾಗುವ ವಸ್ತು. ಕರಗಲಿಕ್ಕೇ ಸುಮಾರು 190 ಡಿಗ್ರಿ ಬಿಸಿ ಬೇಕು. ಅದು ಆವಿಯಾಗಿ ಗಾಳಿಗೆ ಸೇರುವುದಿಲ್ಲ, ಮೂಗಿನಿಂದ ಮೈಗೆ ಬರುವುದಿಲ್ಲ. ನಿಂಬೆ ಕಟ್ಟಿದಾಗ ಬರುವ ಪರಿಮಳ ಸಿಪ್ಪೆಯಲ್ಲಿರುವ ಎಣ್ಣೆಯದು. ಚುಚ್ಚಿ, ಬಿಸಿಲಿಗೆ ನೇತುಹಾಕಿದ ಹಣ್ಣು, ಕಾಯಿಯೊಳಗಿನ ವಿಟಮಿನ್ ಅಲ್ಲೇ ಹಾಳಾಗುತ್ತದೆ. ಒಂದು ನಿಂಬೆ, ಏಳು ಮೆಣಸಿನಕಾಯಿ ಕಟ್ಟಿದರೆ ನಮ್ಮ ಲೆಕ್ಕದಲ್ಲಿ ಬಾಗಿಲಲ್ಲಿ ತೂಗುವುದು ಸುಮಾರು 51 ಮಿಲಿಗ್ರಾಂ.

ಇದನ್ನೆಲ್ಲ ಕಾಕಾಗೆ ಹೇಳಿದೆವು. ತಟ್ಟೆಗೆ ಸೊಪ್ಪಿನ ಪಲ್ಯ ಬಡಿಸಿದ ಮೇಲೆ ಅರ್ಧ ನಿಂಬೆ ಹಿಂಡಿಕೊಳ್ಳಲಿ, ಸೀಬೆ ಸಿಕ್ಕರೆ ಕೊಡಿ, ಗುಳಿಗೆ ಮಾತ್ರ ಬಿಡಿಸಬೇಡಿ, ಗುಳಿಗೆಯ ಜೊತೆ ಚಹಾ ಬೇಡ ಎಂದೆವು. ಒಳಗಿನಿಂದ ಸೊಸೆಯ ದನಿ ಬಂತು: “ರಂಜಕ ತಿನ್ನಬಹುದೇನ್ರಿ ಅಣ್ಣಾರ?” ಹಸಿ ಕೆಂಪು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಮೆಂತ್ಯ ಹಾಕಿ ಅರೆದು, ನಿಂಬೆರಸ ಹಿಂಡಿ ಭರಣಿಗೆ ತುಂಬುವ ರಂಜಕ! ಎರಡೂ ಅದರಲ್ಲಿವೆ, ಮೆಣಸಿನಕಾಯಿಗೆ ಬೆಂಕಿಯೂ ತಾಗಿಲ್ಲ. ಎರಡು ವಾರ ಓದಿದ ನಮಗೆ ಇದು ಹೊಳೆದೇ ಇರಲಿಲ್ಲ. ಹೊಟ್ಟೆ ಉರಿಯದಿದ್ದರೆ ರೊಟ್ಟಿ ಜೊತೆ ಸ್ವಲ್ಪ ತಿನ್ನವ್ವ ಎಂದೆವು.

“ಹಂಗಾರ ಬಾಗಲಿಗೆ ಕಟ್ಟೂದು?” ಅಂದರು ಕಾಕಾ. ಅದು ನಿಮ್ಮ ನಂಬಿಕೆ ಕಾಕಾ, ಅದರಾಗ ನಾವು ಬಾಯಿ ಹಾಕೂದಿಲ್ಲ, ವಿಟಮಿನ್ ಹೆಸರು ಮಾತ್ರ ಹೇಳಬ್ಯಾಡ್ರಿ ಎಂದೆವು. ಶನಿವಾರ ಹೋಗಿ ನೋಡಿದರೆ ಹೊಸದು ಕಟ್ಟಿದ್ದರು.

ಹಳೆಯ ತುಣುಕಿಗೆ ತಿದ್ದುಪಡಿ ಹಾಕಿ ಎಂದು ಪತ್ರಿಕೆಗೂ ಫೋನ್ ಮಾಡಿದೆವು. ಹತ್ತು ವರ್ಷದ ಹಿಂದಿನದಕ್ಕೆ ಈಗ ಯಾರಪ್ಪ ಹಾಕ್ತಾರೆ ಎಂದು ನಕ್ಕರು. ಹಾಗಾಗಿ ಇಲ್ಲಿ ಬರೆದಿದ್ದೇವೆ. ಹಳದಿಗಟ್ಟಿದ ಆ ಫೋಟೋ ನಿಮ್ಮ ಗುಂಪಿಗೂ ಬಂದರೆ, ಬರೆದವರೇ ಅದು ತಪ್ಪು ಅಂದಿದ್ದಾರೆ ಎಂದು ಕೆಳಗೆ ಒಂದು ಸಾಲು ಹಾಕಿ.